ಬೇಸಿಗೆಯಲ್ಲಿ ನಾಯಿಗೆ ತಣ್ಣನೆಯ ತಿನಿಸು: ಐಸ್ ತುಂಡು, ಹಣ್ಣು, ಮೊಸರು, ಐಸ್‌ಕ್ರೀಮ್‌ಗಳಲ್ಲಿ ಯಾವುದು ಸರಿ?

ಶಿವರಾತ್ರಿ ಕಳೆದು ಮೈಸೂರು, ಮಂಡ್ಯಗಳಲ್ಲಿ ಬಿಸಿಲು ಬಲಿಯತೊಡಗಿದರೆ ನಾಯಿ ಸಾಕಿದ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿದ್ದನ್ನು ನಾಯಿಗೆ ಕೊಡಬಹುದೇ, ಕೊಡಬಾರದೇ? ಐಸ್ ತಿಂದ ನಾಯಿ ಹೊಟ್ಟೆ ಉಬ್ಬಿ ಸತ್ತೇ ಹೋಗುತ್ತದೆ ಎಂದು ಒಬ್ಬರು ಹೆದರಿಸುತ್ತಾರೆ. ಪಕ್ಕದ ಮನೆಯವರು ಮಕ್ಕಳ ಜೊತೆಗೆ ನಾಯಿಗೂ ದಿನಕ್ಕೊಂದು ಕಪ್ ಐಸ್‌ಕ್ರೀಮ್ ಕೊಟ್ಟು, ಅದು ಬಾಲ ಅಲ್ಲಾಡಿಸುತ್ತ ನೆಕ್ಕುವುದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಇಬ್ಬರ ಮಾತನ್ನೂ ಹಾಗೆಯೇ ಒಪ್ಪುವಂತಿಲ್ಲ. ತಣ್ಣಗಿರುವುದೇ ನಾಯಿಗೆ ವಿಷವಲ್ಲ. ತಣ್ಣಗಿರುವ ಮಾತ್ರಕ್ಕೆ ಯಾವುದೂ ಔಷಧವೂ ಆಗುವುದಿಲ್ಲ. ಗಟ್ಟಿಯಾಗುವ ಮೊದಲು ಅದರಲ್ಲಿ ಏನೇನಿತ್ತು, ಗಟ್ಟಿಯಾದ ಮೇಲೆ ಅದು ಎಷ್ಟು ಕಠಿಣವಾಗಿದೆ ಮತ್ತು ಎಷ್ಟು ದೊಡ್ಡದಾಗಿದೆ, ಅದನ್ನು ತಿನ್ನಲಿರುವ ನಾಯಿ ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿಯೇ ಆಯ್ಕೆ ಮಾಡಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ತಿನಿಸಿನಿಂದ ಮೈ ಎಷ್ಟು ತಣಿಯುತ್ತದೆ?

ನಾಯಿಯ ಸಹಜ ದೇಹೋಷ್ಣತೆ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಮೈತುಂಬ ಬೆವರಿ ತಂಪಾಗುವ ಅನುಕೂಲ ಅದಕ್ಕಿಲ್ಲ. ಅಂಗಾಲುಗಳಲ್ಲಿ ಅಲ್ಪಸ್ವಲ್ಪ ಬೆವರುತ್ತದೆಯಾದರೂ, ಬಾಯಿ ತೆರೆದು ನಾಲಿಗೆ ಚಾಚಿ ತೇಕುವುದೇ ಮೈಯ ಕಾವನ್ನು ಹೊರಹಾಕಲು ಅದಕ್ಕಿರುವ ಮುಖ್ಯ ದಾರಿ. ಹೀಗೆ ತೇಕುವಾಗ ನಾಲಿಗೆ ಮತ್ತು ಉಸಿರಿನ ದಾರಿಯ ತೇವ ಆವಿಯಾಗಿ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ.

ಇದರ ಪಕ್ಕದಲ್ಲಿ ಐಸ್ ತುಂಡಿನ ಲೆಕ್ಕವನ್ನಿಟ್ಟು ನೋಡಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು, ಕರಗಿದ ನೀರು ನಾಯಿಯ ಮೈಯಷ್ಟು ಬೆಚ್ಚಗಾಗಲು ಇನ್ನೂ 39 ಕ್ಯಾಲೊರಿ ಬೇಕು. ಆ ಪ್ರಕಾರ 20 ಗ್ರಾಂ ತೂಗುವ ಒಂದು ಐಸ್ ತುಂಡು ಹೊಟ್ಟೆ ಸೇರಿ ಹೀರಿಕೊಳ್ಳುವ ಶಾಖ ಸುಮಾರು 2.4 ಕಿಲೋಕ್ಯಾಲೊರಿ. 20 ಕಿಲೋ ತೂಕದ ನಾಯಿಯ ಮೈಯುಷ್ಣ ಒಂದು ಡಿಗ್ರಿ ಇಳಿಯಬೇಕಾದರೆ ಹದಿನಾರು ಹದಿನೇಳು ಕಿಲೋಕ್ಯಾಲೊರಿಯಷ್ಟು ಶಾಖ ಹೊರಗೆ ಹೋಗಬೇಕು. ಎಂದರೆ ಒಂದು ಐಸ್ ತುಂಡಿನಿಂದ ಇಳಿಯುವುದು ಒಂದು ಡಿಗ್ರಿಯ ಏಳರಲ್ಲಿ ಒಂದು ಪಾಲು ಮಾತ್ರ. ಅಷ್ಟೇ ಶಾಖವನ್ನು ಕಳೆಯಲು ನಾಯಿಯ ನಾಲಿಗೆಯಿಂದ ಬರೀ ನಾಲ್ಕು ಗ್ರಾಂ ನೀರು, ಒಂದು ಟೀ ಚಮಚಕ್ಕಿಂತ ಕಡಿಮೆ, ಆವಿಯಾದರೆ ಸಾಕು.

ಆದ್ದರಿಂದ ನೆರಳು, ಗಾಳಿಯಾಡುವ ಜಾಗ ಮತ್ತು ಬಟ್ಟಲು ತುಂಬ ಕುಡಿಯುವ ನೀರು ಇಲ್ಲದ ಕಡೆ ಎಷ್ಟು ಐಸ್ ಕೊಟ್ಟರೂ ಪ್ರಯೋಜನವಿಲ್ಲ. ಅವು ಮೂರೂ ಇದ್ದರೆ ಐಸ್ ಇಲ್ಲದಿದ್ದರೂ ನಡೆಯುತ್ತದೆ. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು, ಮತ್ತೆ ಮೋಡ ಕವಿದು ಗಾಳಿ ಸ್ತಬ್ಧವಾಗುವ ಸಂಜೆಗಳಲ್ಲಿ, ಹಾಗೆಯೇ ನಾಲೆ ನೀರು ಹರಿಯುವ ಗದ್ದೆಗಳ ನಡುವಿನ ಮಂಡ್ಯದ ಕಡೆಯ ಊರುಗಳಲ್ಲಿ, ಗಾಳಿಯಲ್ಲೇ ತೇವ ಹೆಚ್ಚಿರುವುದರಿಂದ ನಾಯಿ ಎಷ್ಟು ತೇಕಿದರೂ ಆವಿಯಾಗುವುದು ಕಡಿಮೆ. ತಾಪಮಾನದ ಅಂಕಿ 38ರಿಂದ 32ಕ್ಕೆ ಇಳಿದಿದ್ದರೂ ಅಂಥ ದಿನಗಳಲ್ಲಿ ಫ್ಯಾನಿನ ಕೆಳಗೆ ಜಾಗ ಮಾಡಿಕೊಡುವುದೇ ಹೆಚ್ಚು ಉಪಕಾರಿ. ತಣ್ಣನೆಯ ತಿನಿಸಿನಿಂದ ನಿಜವಾಗಿ ಸಿಗುವ ಲಾಭ ಬೇರೆ: ನೀರು ಕುಡಿಯಲು ಬೇಸರಪಡುವ ನಾಯಿಯ ಹೊಟ್ಟೆಗೆ ಅದು ಸ್ವಲ್ಪ ನೀರು ಸೇರಿಸುತ್ತದೆ, ಮತ್ತು ಮಧ್ಯಾಹ್ನವೆಲ್ಲ ಮನೆಯೊಳಗೇ ಇರಬೇಕಾದ ಪ್ರಾಣಿಗೆ ಅರ್ಧ ಗಂಟೆಯ ಕೆಲಸ ಕೊಡುತ್ತದೆ.

ಹೊಟ್ಟೆ ಉಬ್ಬುವ ಭಯ

ಐಸ್ ತಿಂದರೆ, ಐಸ್ ನೀರು ಕುಡಿದರೆ ಜಠರ ಸೆಡೆತು ನಾಯಿ ಸಾಯುತ್ತದೆ ಎಂಬ ಸಂದೇಶ ಪ್ರತಿ ಬೇಸಿಗೆಯಲ್ಲಿಯೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಜಠರ ಉಬ್ಬಿ ತನ್ನ ಸುತ್ತ ತಾನೇ ತಿರುಚಿಕೊಳ್ಳುವ ಕಾಯಿಲೆ ಇರುವುದು ನಿಜ, ಅದು ಗಂಟೆಗಳೊಳಗೆ ಪ್ರಾಣ ತೆಗೆಯಬಲ್ಲದು ಎಂಬುದೂ ನಿಜ. ಆದರೆ ತಣ್ಣನೆಯ ನೀರಿನಿಂದಲೇ ಅದು ಬರುತ್ತದೆ ಎನ್ನಲು ಆಧಾರವಿಲ್ಲ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ಗಳಂಥ ಎದೆಗೂಡು ಆಳವಾಗಿರುವ ದೊಡ್ಡ ತಳಿಗಳಲ್ಲಿ ಅದು ಹೆಚ್ಚು. ವಯಸ್ಸು, ವಂಶ, ದಿನಕ್ಕೆ ಒಂದೇ ಸಲ ಹೊಟ್ಟೆ ಬಿರಿಯುವಷ್ಟು ತಿನ್ನುವುದು, ಗಬಗಬನೆ ನುಂಗುವುದು ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಓಡಿ ಬಂದು ದಣಿದ ನಾಯಿ ಗಾಳಿಯನ್ನೂ ನೀರನ್ನೂ ಒಟ್ಟೊಟ್ಟಿಗೆ ನುಂಗಿದರೆ, ನೀರು ಬೆಚ್ಚಗಿದ್ದರೂ ತಣ್ಣಗಿದ್ದರೂ ತೊಂದರೆ ಒಂದೇ.

ಇದರಿಂದ ತಿಳಿಯಬೇಕಾದದ್ದು ಇಷ್ಟು: ಹೊರಗಿನಿಂದ ಬಂದ ಕೂಡಲೇ ಏನನ್ನೂ ಕೊಡದೆ, ಉಸಿರಾಟ ಸಹಜಕ್ಕೆ ಬರುವವರೆಗೆ ಕಾದು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಆಮೇಲೆ ತಿನಿಸು ಕೊಡಬೇಕು. ಹೊಟ್ಟೆ ಡೋಲಿನಂತೆ ಬಿಗಿದುಕೊಂಡು, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ, ನಾಯಿ ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದ್ದರೆ ಮನೆಮದ್ದು ಹುಡುಕುತ್ತ ಕೂರದೆ ಆ ಕ್ಷಣವೇ ಪಶುವೈದ್ಯರಲ್ಲಿಗೆ ಹೊರಡಬೇಕು.

ಬರೀ ಐಸ್: ತುಂಡೋ ತುರಿಯೋ?

ಐಸ್ ತುಂಡಿನ ಕುರಿತು ನನ್ನ ಆತಂಕವಿರುವುದು ಹಲ್ಲಿನ ಬಗ್ಗೆ. ಲ್ಯಾಬ್ರಡಾರ್ ನಾಯಿಯೊಂದು ಐಸ್ ತುಂಡನ್ನು ತಿನ್ನುವುದನ್ನು ಹತ್ತಿರದಿಂದ ನೋಡಿ: ಅದು ಮುಂದಿನ ಹಲ್ಲಿನಲ್ಲಿ ಕಚ್ಚುವುದಿಲ್ಲ, ತಲೆಯನ್ನು ಒಂದು ಬದಿಗೆ ವಾಲಿಸಿ, ತುಂಡನ್ನು ನಾಲಿಗೆಯಿಂದ ದವಡೆಯ ಮೂಲೆಗೆ ತಳ್ಳಿ, ಕಣ್ಣು ಅರೆಮುಚ್ಚಿ ಪಟಾರನೆ ಒಡೆಯುತ್ತದೆ. ಆ ಇಡೀ ಒತ್ತಡ ಬೀಳುವುದು ಮೇಲ್ದವಡೆಯ ಪಕ್ಕದಲ್ಲಿರುವ, ಮಾಂಸ ಕತ್ತರಿಸಲೆಂದು ಇರುವ ಅತಿ ದೊಡ್ಡ ಹಲ್ಲಿನ ಮೇಲೆ. ಗಟ್ಟಿ ವಸ್ತುಗಳನ್ನು ಕಡಿಯುವ ನಾಯಿಗಳಲ್ಲಿ ಆ ಹಲ್ಲಿನ ಹೊರಮೈ ಚಕ್ಕೆಯಾಗಿ ಎದ್ದುಬರುವುದು ಪಶುವೈದ್ಯರಿಗೆ ತೀರ ಪರಿಚಿತವಾದ ಸಂಗತಿ. ನೋವಿದ್ದರೂ ನಾಯಿ ತೋರಿಸಿಕೊಳ್ಳುವುದಿಲ್ಲ. ಕಣ್ಣಿನ ಕೆಳಗೆ ಬಾವು ಬಂದಾಗಲೇ ಬೇರಿಗೆ ಕೀವಾಗಿರುವುದು ಮನೆಯವರಿಗೆ ಗೊತ್ತಾಗುತ್ತದೆ. ನಾಯಿಗೆ ಕಡಿಯಲು ಕೊಡುವ ಯಾವುದೇ ವಸ್ತುವಿಗೆ ಪಶುವೈದ್ಯರು ಹೇಳುವ ಒಂದು ಸುಲಭ ಪರೀಕ್ಷೆಯಿದೆ: ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ ಅದು ನಾಯಿಯ ಹಲ್ಲಿಗೂ ಅತಿ ಗಟ್ಟಿ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಪೊಮೆರೇನಿಯನ್, ಶೀ ತ್ಸುಗಳಂಥ ಸಣ್ಣ ನಾಯಿಗಳಿಗೆ ಇದರ ಜೊತೆಗೆ ಇಡೀ ತುಂಡು ಗಂಟಲಿಗೆ ಜಾರಿ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

ಆದ್ದರಿಂದ ಬರೀ ಐಸ್ ಕೊಡುವುದಾದರೆ ಇಡೀ ತುಂಡಿಗಿಂತ ಕುಟ್ಟಿದ ಅಥವಾ ತುರಿದ ಐಸ್ ಮೇಲು, ಅದಕ್ಕಿಂತಲೂ ಕುಡಿಯುವ ನೀರಿನ ಬಟ್ಟಲಿನಲ್ಲಿ ತೇಲಿಬಿಟ್ಟ ಐಸ್ ಮೇಲು. ತೇಲುವ ತುಂಡನ್ನು ಹಿಡಿಯಲು ಹೋಗಿ ನಾಯಿ ನೀರನ್ನೂ ಕುಡಿಯುತ್ತದೆ. ಗಟಗಟನೆ ಕುಡಿಯುವ ದೊಡ್ಡ ತಳಿಯ ನಾಯಿಗೆ ಮಾತ್ರ ಬಟ್ಟಲು ತುಂಬಿಡದೆ ಆಗಾಗ ಸ್ವಲ್ಪ ಹಾಕುವುದು ಒಳ್ಳೆಯದು. ಐಸನ್ನು ಮನೆಯಲ್ಲಿ ಕುಡಿಯುವ ನೀರಿನಿಂದಲೇ ಮಾಡಿಕೊಳ್ಳಬೇಕು. ಮೀನಿನಂಗಡಿ, ಜ್ಯೂಸ್ ಗಾಡಿಗಳಿಗೆ ಬರುವ ದೊಡ್ಡ ಐಸ್ ಗಡ್ಡೆ ಯಾವ ನೀರಿನದೆಂದು ಹೇಳಲಾಗದು.

ಹಣ್ಣು ಮತ್ತು ತರಕಾರಿ

ದೇವರಾಜ ಮಾರುಕಟ್ಟೆಯಲ್ಲಾಗಲಿ ಮಂಡ್ಯದ ರಸ್ತೆ ಬದಿಯಲ್ಲಾಗಲಿ ಫೆಬ್ರವರಿಯಿಂದಲೇ ರಾಶಿ ಬೀಳುವ ಕಲ್ಲಂಗಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಣ್ಣು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. 100 ಗ್ರಾಂಗೆ ಸಿಗುವ ಶಕ್ತಿ 30 ಕಿಲೋಕ್ಯಾಲೊರಿಯಷ್ಟೇ. ಬೀಜ ತೆಗೆದು, ಹಸಿರು ಸಿಪ್ಪೆಯ ಜೊತೆಗೆ ಬಿಳಿಯ ಭಾಗವನ್ನೂ ಬಿಟ್ಟು, ಕೆಂಪು ತಿರುಳನ್ನು ಮಾತ್ರ ಹೆಚ್ಚಿ ಫ್ರೀಜರ್‌ನಲ್ಲಿಡಬೇಕು. ಕರ್ಬೂಜವೂ ಸೌತೆಕಾಯಿಯೂ ಇದೇ ಸಾಲಿಗೆ ಸೇರುತ್ತವೆ. ನಂಜನಗೂಡು ರಸಬಾಳೆಯೋ ಏಲಕ್ಕಿ ಬಾಳೆಯೋ ಆದರೆ ಕಿವುಚಿ ಗಟ್ಟಿ ಮಾಡಿದಾಗ ಮೃದುವಾಗಿಯೇ ಇರುತ್ತದೆ, ನಾಯಿಗಳು ಇಷ್ಟಪಡುತ್ತವೆ, ಆದರೆ ಸಕ್ಕರೆಯಂಶ ಹೆಚ್ಚು. ಮಾವಿನ ತಿರುಳು ಸ್ವಲ್ಪ ಕೊಡಬಹುದು. ಓಟೆ ಮಾತ್ರ ನಾಯಿಯ ಬಾಯಿಗೆ ಸಿಗಲೇಬಾರದು, ಕಸದ ಬುಟ್ಟಿಯಿಂದಲೂ ಸಿಗಬಾರದು. ಜಾರುವ ಆ ಓಟೆಯನ್ನು ಇಡಿಯಾಗಿ ನುಂಗಿದ ನಾಯಿಗೆ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾಗುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ ಯಾವ ರೂಪದಲ್ಲಿಯೂ ಬೇಡ. ಕೆಲವು ನಾಯಿಗಳಿಗೆ ಸ್ವಲ್ಪವೇ ತಿಂದರೂ ಮೂತ್ರಪಿಂಡ ಕೈಕೊಡುತ್ತದೆ, ಯಾವ ನಾಯಿಗೆ ಹಾಗಾಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಪಶುವೈದ್ಯ ವಿಜ್ಞಾನ ಈಗ ಬಲವಾಗಿ ಅನುಮಾನಿಸುತ್ತದೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ರಾಮನವಮಿಯ ದಿನ ಉಳಿದ ಪಾನಕವನ್ನು ಅಚ್ಚಿಗೆ ಹಾಕಿ ನಾಯಿಗೆ ಇಡುವ ಯೋಚನೆ ಬಂದರೆ, ಹುಣಸೆ ಹಾಕಿದ್ದರೆ ಅದರ ಕಾರಣಕ್ಕೂ, ಹೇಗಿದ್ದರೂ ಬೆಲ್ಲದ ಕಾರಣಕ್ಕೂ ಅದನ್ನು ಬಿಟ್ಟುಬಿಡಬೇಕು.

ಮೊಸರು, ಮಜ್ಜಿಗೆ, ಅಂಬಲಿ

‘ಒಂದಿಷ್ಟು ಮೊಸರನ್ನ ಕಲಸಿ ಹಾಕಮ್ಮ, ಹೊಟ್ಟೆ ತಂಪಾಗಿರುತ್ತೆ’ ಎಂದು ಅತ್ತೆ ಸೊಸೆಗೆ ಹೇಳುವುದು ಇಲ್ಲಿನ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ, ಅದರಲ್ಲಿ ಅರ್ಥವೂ ಇದೆ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಾಗಿರುವುದರಿಂದ ಹಾಲು ಅನೇಕ ನಾಯಿಗಳಿಗೆ ಭೇದಿ ತರುತ್ತದೆ. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಭಾಗ ಹುಳಿಯಾಗಿ ಮಾರ್ಪಡುವುದರಿಂದ ಮೊಸರು ಹೆಚ್ಚಿನ ನಾಯಿಗಳಿಗೆ ಒಗ್ಗುತ್ತದೆ. ಉಪ್ಪು ಸಕ್ಕರೆ ಏನೂ ಸೇರದ ಮೊಸರಿಗೆ ಅಷ್ಟೇ ನೀರು ಬೆರೆಸಿ, ಕಡೆದು, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಗಟ್ಟಿ ಮಾಡಿದರೆ ಅದು ಐಸಿನಂತೆ ಕಲ್ಲಾಗದೆ ಪುಡಿಪುಡಿಯಾಗಿ ಒಡೆಯುತ್ತದೆ. ಬಿಸಿಲಿನ ತಿನಿಸುಗಳಲ್ಲಿ ನನ್ನ ಮೊದಲ ಆಯ್ಕೆ ಇದು, ಅದರ ಜೊತೆಗೆ ಕಲ್ಲಂಗಡಿ. ಹಲ್ಲಿಗೆ ಅಪಾಯವಿಲ್ಲ, ಕೊಬ್ಬು ಮಿತವಾಗಿದೆ, ಎಲ್ಲ ಮನೆಯಲ್ಲೂ ಇರುತ್ತದೆ.

ಎಚ್ಚರ ಬೇಕಾದದ್ದು ಒಗ್ಗರಣೆಯಲ್ಲಿ. ನೀರುಮಜ್ಜಿಗೆಯ ಹಸಿಮೆಣಸಿನಕಾಯಿ, ಉಪ್ಪು, ಇಂಗು ನಾಯಿಗೆ ಬೇಡ, ಪ್ಯಾಕೆಟ್ಟಿನ ಮಸಾಲೆ ಮಜ್ಜಿಗೆಯೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಫ್ರೀಜ್ ಮಾಡಿದರೂ ಆ ಗುಣ ಹೋಗುವುದಿಲ್ಲ. ಇನ್ನು ಮದುವೆಮನೆಯಿಂದಲೋ ದೇವಸ್ಥಾನದಿಂದಲೋ ಬಂದ ಮೊಸರನ್ನದಲ್ಲಿ ದ್ರಾಕ್ಷಿ ಇರುವುದೇ ಹೆಚ್ಚು. ಪ್ರಸಾದವನ್ನು ನಾಯಿಗೂ ಒಂದು ತುತ್ತು ಹಾಕುವ ಒಳ್ಳೆಯ ಮನಸ್ಸಿನವರು ಇದನ್ನು ಗಮನಿಸುವುದಿಲ್ಲ.

ಮಂಡ್ಯದ ಕಡೆಯ ಮನೆಗಳಿಗೆ ನಾನು ಹೇಳಬಯಸುವ ಇನ್ನೊಂದು ಆಯ್ಕೆ ರಾಗಿ ಅಂಬಲಿ. ಉಪ್ಪಿಲ್ಲದೆ ತೆಳ್ಳಗೆ ಕಾಯಿಸಿ ಆರಿಸಿದ ಅಂಬಲಿಗೆ ಸ್ವಲ್ಪ ಮಜ್ಜಿಗೆ ಬೆರೆಸಿ ಅಚ್ಚಿಗೆ ಹೊಯ್ದರೆ ಗಟ್ಟಿಯಾದ ಮೇಲೂ ಉಗುರಿಗೆ ಮಣಿಯುವಷ್ಟು ಮೆತ್ತಗಿರುತ್ತದೆ, ಮುದ್ದೆ ತಿಂದು ಬೆಳೆದ ನಾಯಿಗೆ ಅದು ಹೊಸ ಆಹಾರವೂ ಅಲ್ಲ. ಇದು ಊಟದ ಒಂದು ಭಾಗವೆಂದು ಲೆಕ್ಕ ಹಿಡಿದು, ಆ ಹೊತ್ತಿನ ಮುದ್ದೆಯನ್ನು ಅಷ್ಟು ಕಡಿಮೆ ಮಾಡಬೇಕು. ಸಕ್ಕರೆ, ಕೋಕೋ ಬೆರೆಸಿ ಮಾರುವ ರಾಗಿ ಮಾಲ್ಟ್ ಪುಡಿಯನ್ನು ಇದಕ್ಕೆ ಬಳಸಬಾರದು.

ಕೋಳಿ ಬೇಯಿಸಿದ ನೀರು, ಎಳನೀರು

ಹೊಟ್ಟೆಗೆ ನೀರೇ ಸೇರಿಸದ ನಾಯಿಗೆ ಕೋಳಿ ಬೇಯಿಸಿದ ನೀರಿನ ಐಸ್ ಬಹಳ ಉಪಯುಕ್ತ. ಮನೆಯವರಿಗೆಂದು ಮಾಡಿದ ಸಾರಿನಿಂದ ತೆಗೆದದ್ದು ಆಗುವುದಿಲ್ಲ; ಉಪ್ಪು, ಮಸಾಲೆ, ಈರುಳ್ಳಿ ಏನೂ ಇಲ್ಲದೆ ಬೇರೆಯಾಗಿ ಬೇಯಿಸಿ, ಮೂಳೆ ತೆಗೆದು, ತಣ್ಣಗಾದ ಮೇಲೆ ಮೇಲೆ ಕಟ್ಟುವ ಕೊಬ್ಬನ್ನು ತೆಗೆದುಬಿಟ್ಟು ಅಚ್ಚಿಗೆ ಹಾಕಬೇಕು. ಹಸಿ ಮೂಳೆಯನ್ನು ಫ್ರೀಜ್ ಮಾಡಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೊದಲೇ ಗಟ್ಟಿಯಾದ ಮೂಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಹಸಿ ಮಾಂಸದ ರೋಗಾಣುಗಳು ಫ್ರೀಜರ್‌ನಲ್ಲಿ ಸಾಯದೆ ಸುಮ್ಮನೆ ಮಲಗಿರುತ್ತವೆ.

ಮದ್ದೂರಿನ ಮಾರುಕಟ್ಟೆ ಹತ್ತಿರವಿರುವ ನಮಗೆ ಎಳನೀರಿಗೆ ಬರವಿಲ್ಲ. ಆರೋಗ್ಯವಾಗಿರುವ ನಾಯಿಗೆ ಎರಡು ಮೂರು ಚಮಚದಷ್ಟು ಎಳನೀರಿನ ಐಸ್ ತೊಂದರೆ ಮಾಡದು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಮೂತ್ರಪಿಂಡದ ತೊಂದರೆಯಿರುವ ನಾಯಿಗೆ, ಹೃದಯದ ಔಷಧ ತೆಗೆದುಕೊಳ್ಳುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಕಬ್ಬಿನ ಹಾಲು ಬರೀ ಸಕ್ಕರೆ, ಬೇಡ.

ಅಂಗಡಿಯ ಐಸ್‌ಕ್ರೀಮ್, ಕುಲ್ಫಿ, ಐಸ್‌ಕ್ಯಾಂಡಿ

ವೆನಿಲಾ ಐಸ್‌ಕ್ರೀಮನ್ನು ಒಮ್ಮೆ ನೆಕ್ಕಿದ ಮಾತ್ರಕ್ಕೆ ಆರೋಗ್ಯವಂತ ನಾಯಿ ಕಾಯಿಲೆ ಬೀಳುವುದಿಲ್ಲ. ಆದರೆ ಅದನ್ನು ತಿನಿಸಾಗಿ ಆರಿಸಿಕೊಳ್ಳಲು ಒಂದು ಕಾರಣವೂ ಇಲ್ಲ. ದಿನದ ಆಹಾರದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತಿನಿಸುಗಳಿಂದ ಬರಬಾರದೆಂಬುದು ಸಾಮಾನ್ಯ ನಿಯಮ. ಐದು ಕಿಲೋ ತೂಕದ ಪೊಮೆರೇನಿಯನ್‌ಗೆ ಆ ಪಾಲು ಸುಮಾರು 30 ಕಿಲೋಕ್ಯಾಲೊರಿ. ಅಷ್ಟರಲ್ಲಿ 100 ಗ್ರಾಂ ಕಲ್ಲಂಗಡಿ ಬರುತ್ತದೆ, ಇಲ್ಲವೇ 50 ಗ್ರಾಂ ಮೊಸರು ಬರುತ್ತದೆ. ಐಸ್‌ಕ್ರೀಮ್ ಆದರೆ ಒಂದು ದೊಡ್ಡ ಚಮಚಕ್ಕೇ ಮುಗಿಯಿತು. ಹಾಲನ್ನು ಕುದಿಸಿ ಇಂಗಿಸಿ ಮಾಡುವ ಕುಲ್ಫಿಯಲ್ಲಿ ಕೊಬ್ಬು ಸಕ್ಕರೆಗಳೆರಡೂ ಸಾಂದ್ರವಾಗಿರುತ್ತವೆ. ಒಮ್ಮೆಗೇ ಹೆಚ್ಚು ಕೊಬ್ಬು ತಿಂದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುತ್ತದೆ, ಅದು ಆಸ್ಪತ್ರೆಗೆ ಸೇರಿಸುವಷ್ಟು ತೀವ್ರವಾಗಬಹುದು. ಚಾಕೊಲೇಟ್ ಇರುವ ಯಾವುದೂ ಕೂಡದು. ಅದರಲ್ಲಿರುವ ಥಿಯೋಬ್ರೊಮಿನ್ ನಾಯಿಯ ಹೃದಯ ಮತ್ತು ನರಗಳನ್ನು ಕೆಣಕುತ್ತದೆ, ಚಾಕೊಲೇಟ್ ಕಪ್ಪಾದಷ್ಟೂ ಅಪಾಯ ಹೆಚ್ಚು.

ಎಲ್ಲಕ್ಕಿಂತ ಮಾರಕವಾದದ್ದು ಮಧುಮೇಹಿಗಳಿಗೆಂದು, ಡಯಟ್ ಮಾಡುವವರಿಗೆಂದು ಬರುವ ಸಕ್ಕರೆಯಿಲ್ಲದ ಐಸ್‌ಕ್ರೀಮ್. ಸಕ್ಕರೆ ಇಲ್ಲವಲ್ಲ, ನಾಯಿಗೆ ಒಳ್ಳೆಯದೇ ಇರಬೇಕೆಂದು ಅಕ್ಕರೆಯಿಂದಲೇ ಕೊಟ್ಟುಬಿಡುವ ಸಾಧ್ಯತೆ ಇರುವುದರಿಂದ ಇದನ್ನು ಒತ್ತಿ ಹೇಳಬೇಕು. ಅಂಥವುಗಳಲ್ಲಿ ಕೆಲವಕ್ಕೆ ಸಿಹಿಗಾಗಿ ಕ್ಸೈಲಿಟಾಲ್ ಸೇರಿಸಿರುತ್ತಾರೆ. ಮನುಷ್ಯರಿಗೆ ನಿರಪಾಯಕಾರಿಯಾದ ಈ ವಸ್ತು ನಾಯಿಯ ದೇಹದಲ್ಲಿ ಇನ್ಸುಲಿನ್ ಒಮ್ಮೆಲೇ ಉಕ್ಕುವಂತೆ ಮಾಡಿ ರಕ್ತದ ಸಕ್ಕರೆಯನ್ನು ಕುಸಿಯಿಸುತ್ತದೆ. ಪ್ರತಿ ಕಿಲೋ ತೂಕಕ್ಕೆ 0.1 ಗ್ರಾಂನಷ್ಟು ಸಾಕು, ಐದು ಕಿಲೋ ನಾಯಿಗೆ ಅರ್ಧ ಗ್ರಾಂ. ಪ್ರಮಾಣ ಹೆಚ್ಚಿದರೆ ಯಕೃತ್ತೇ ಹಾಳಾಗುತ್ತದೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಕ್ಸೈಲಿಟಾಲ್ ಎಂದೋ 967 ಎಂಬ ಸಂಖ್ಯೆಯೋ ಇದ್ದರೆ ಅದನ್ನು ನಾಯಿಗೆ ಎಟಕದ ಕಡೆ ಇಡಬೇಕು. ಕೆಲವು ಪೀನಟ್ ಬಟರ್‌ಗಳಲ್ಲಿಯೂ ಅದಿರುವುದರಿಂದ, ತಿನಿಸಿಗೆ ಅದನ್ನು ಬೆರೆಸುವವರು ಆ ಪಟ್ಟಿಯನ್ನೂ ಓದಿಕೊಳ್ಳಬೇಕು.

ಐಸ್‌ಕ್ಯಾಂಡಿ, ಐಸ್ ಗೋಲಾಗಳಲ್ಲಿ ಬಣ್ಣ ಮತ್ತು ಸಕ್ಕರೆ ಪಾಕದ ಹೊರತು ಬೇರೇನಿಲ್ಲ, ಜೊತೆಗೆ ಕಡ್ಡಿಯ ಕಾಟ. ತಿನಿಸಿನ ರುಚಿ ಹತ್ತಿದ ಕಡ್ಡಿಯನ್ನು ನಾಯಿ ಬಿಸಾಡುವುದಿಲ್ಲ, ನುಂಗುತ್ತದೆ. ನಾಯಿಗಳಿಗೆಂದೇ ತಯಾರಿಸಿದ ಐಸ್‌ಕ್ರೀಮ್ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಕ್ಕರೆ ಪಟ್ಟಿ ಓದಿ ಕೊಳ್ಳಬಹುದು. ಮನೆಯ ಮೊಸರಿಗಿಂತ ಅದರಲ್ಲಿ ಹೆಚ್ಚಿನದೇನೂ ಇರುವುದಿಲ್ಲ.

ಯಾವ ನಾಯಿಗೆ ಯಾವುದು?

ಪಗ್, ಬುಲ್‌ಡಾಗ್, ಶೀ ತ್ಸುಗಳಂಥ ಚಪ್ಪಟೆ ಮುಖದ ತಳಿಗಳಿಗೆ ತೇಕುವುದೇ ಕಷ್ಟ. ಅವುಗಳಿಗೆ ಅಗಿಯುವಂಥದ್ದನ್ನು ಕೊಡದೆ, ತಟ್ಟೆಯಲ್ಲಿ ತೆಳ್ಳಗೆ ಹರಡಿದ ಮೊಸರನ್ನೋ ಕಲ್ಲಂಗಡಿ ತಿರುಳನ್ನೋ ನೆಕ್ಕಲು ಕೊಡಬೇಕು, ತಂಪಾದ ಕೋಣೆಯಲ್ಲಿಯೇ ಕೊಡಬೇಕು. ಮುಧೋಳ ನಾಯಿ ಸಾಕಿದವರು ಅದರ ಆಳವಾದ ಎದೆಯನ್ನು ನೆನಪಿನಲ್ಲಿಟ್ಟುಕೊಂಡು, ಓಟದ ಹಿಂದೆಮುಂದೆ ಏನನ್ನೂ ಹಾಕಬಾರದು. ಹಲ್ಲು ಬರುತ್ತಿರುವ ಮರಿಗೆ ಐಸಿನ ಬದಲು ಶುದ್ಧವಾದ ಹತ್ತಿ ಬಟ್ಟೆಯನ್ನು ನೆನೆಸಿ ಹಿಂಡಿ ಫ್ರೀಜರ್‌ನಲ್ಲಿಟ್ಟು ಕಣ್ಣೆದುರಿನಲ್ಲೇ ಕಡಿಯಲು ಕೊಟ್ಟರೆ ವಸಡಿಗೆ ಹಿತವಾಗುತ್ತದೆ. ಎರಡು ತಿಂಗಳೊಳಗಿನ ಎಳೆಯ ಮರಿಗೆ ಅದೂ ಬೇಡ, ತನ್ನ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿನ್ನೂ ಪೂರ್ತಿಯಾಗಿ ಬಂದಿರುವುದಿಲ್ಲ. ವಯಸ್ಸಾದ ನಾಯಿ ತಣ್ಣನೆಯದನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದರೆ ಹಲ್ಲು ಪರೀಕ್ಷಿಸಬೇಕು. ಮಧುಮೇಹವಿರುವ ನಾಯಿಗೆ ಹಣ್ಣನ್ನು ಬಿಟ್ಟು ಕೋಳಿ ನೀರಿನ ಐಸ್ ಅಥವಾ ಸೌತೆಕಾಯಿ ಸೂಕ್ತ.

ಯಾವುದೇ ಆದರೂ ಫ್ರೀಜರ್‌ನಿಂದ ತೆಗೆದು ಐದು ನಿಮಿಷ ಬಿಟ್ಟು, ಅಂಚು ಕರಗತೊಡಗಿದ ಮೇಲೆ ಕೊಡಿ. ಬೇಸಿಗೆಯಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವುದು ಹೊಸದಲ್ಲ. ಪೂರ್ತಿ ಕರಗಿದ ಕೋಳಿ ನೀರನ್ನು, ಮೊಸರನ್ನು ಮತ್ತೆ ಗಟ್ಟಿ ಮಾಡಿ ಕೊಡದೆ ಚೆಲ್ಲಿಬಿಡಬೇಕು.

ಬಿಸಿಲಿನ ಹೊಡೆತಕ್ಕೆ ಐಸ್ ಮದ್ದಲ್ಲ

ವಿಪರೀತ ತೇಕು, ಅಂಟಂಟಾದ ಜೊಲ್ಲು, ಕಡುಗೆಂಪಾದ ವಸಡು, ತೂರಾಡುವ ನಡಿಗೆ, ವಾಂತಿ ಅಥವಾ ರಕ್ತ ಬೆರೆತ ಭೇದಿ ಕಂಡರೆ ಮೈಯುಷ್ಣ 41 ಡಿಗ್ರಿಯ ಹತ್ತಿರಕ್ಕೆ ಹೋಗಿದೆಯೆಂದೇ ತಿಳಿಯಬೇಕು. ಅಂಥ ನಾಯಿಯ ಬಾಯಿಗೆ ಐಸನ್ನಾಗಲಿ ನೀರನ್ನಾಗಲಿ ಬಲವಂತವಾಗಿ ಹಾಕಬಾರದು. ನುಂಗುವ ಹಿಡಿತ ತಪ್ಪಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಐಸ್ ತರಲು ಅಂಗಡಿಗೆ ಓಡಿ ಹೊತ್ತು ಕಳೆಯದೆ, ನೆರಳಿಗೆ ಎತ್ತಿಕೊಂಡು ಹೋಗಿ, ನಲ್ಲಿಯಲ್ಲಿ ಬರುವ ನೀರನ್ನೇ ಮೈಗೆ, ಹೊಟ್ಟೆಯ ಅಡಿಗೆ, ತೊಡೆಸಂದಿಗೆ ಒಂದೇ ಸಮನೆ ಸುರಿಯುತ್ತ ಫ್ಯಾನಿನ ಗಾಳಿ ತಾಗುವಂತೆ ಮಾಡಬೇಕು. ಒದ್ದೆ ಬಟ್ಟೆ ಹೊದಿಸಿ ಹಾಗೆಯೇ ಬಿಟ್ಟರೆ ಅದು ಬೇಗ ಬಿಸಿಯಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಣಿಸಿ, ಆಮೇಲೆ ಸಾಗಿಸಬೇಕು. ಗಾಡಿಯಲ್ಲಿ ಕಿಟಕಿ ತೆರೆದಿಟ್ಟು ಅಥವಾ ಎ.ಸಿ. ಹಾಕಿ ಕರೆದೊಯ್ಯಬೇಕು. ಥರ್ಮಾಮೀಟರ್ ಇದ್ದರೆ 39.5 ಡಿಗ್ರಿಗೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಮೈ ಅತಿಯಾಗಿ ತಣಿಯುತ್ತದೆ. ನಾಯಿ ಎದ್ದು ನಿಂತು ನೀರು ಕುಡಿದು ಮೊದಲಿನಂತಾಯಿತೆಂದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡ, ಯಕೃತ್ತುಗಳಿಗೆ ಆದ ಹಾನಿಯೂ ರಕ್ತ ಹೆಪ್ಪುಗಟ್ಟುವುದರಲ್ಲಿ ಬಂದ ಏರುಪೇರೂ ಒಂದೆರಡು ದಿನ ಕಳೆದ ಮೇಲೆ ಹೊರಗೆ ಕಾಣಿಸಿಕೊಳ್ಳುವುದುಂಟು.